ಒಡಪಿಗೆ ಯಾವ ಅಲಂಕಾರ?

ಕೆಲವರಿಗೆ ಊಟವಾದ ಕೂಡಲೇ ಎಲೆ ಅಡಿಕೆ ಬೇಕು. ನಮ್ಮ ಓಣಿಯಲ್ಲಿ ಒಬ್ಬರಿದ್ದಾರೆ, ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋ ನೆಟ್ಟಗಿದೆಯೇ ಎಂದು ನೋಡಿ, ಸರಿಪಡಿಸಿಯೇ ಕೂಡುತ್ತಾರೆ. ನನ್ನ ಚಟ ಬೇರೆ. ಯಾರ ಬಾಯಿಂದ ಯಾವ ಮಾತು ಬಿದ್ದರೂ ಅದು ಯಾವ ಅಲಂಕಾರ ಎಂದು ಗುರುತಿಸದೆ ನನಗೆ ಮುಂದಿನ ಮಾತು ಕೇಳಿಸುವುದೇ ಇಲ್ಲ. ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು ನಾನು. ವರ್ಷ ವರ್ಷವೂ ಹತ್ತನೆಯ ತರಗತಿಯ ಮಕ್ಕಳಿಂದ ‘ಅಲಂಕಾರವನ್ನು ಹೆಸರಿಸಿ ಸಮನ್ವಯಗೊಳಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆಸುತ್ತ ಬಂದಿದ್ದೇನೆ. ಸಮನ್ವಯ ಎಂದರೆ ಮತ್ತೇನಲ್ಲ, ಪುಸ್ತಕದ ಲಕ್ಷಣವನ್ನು ಎದುರಿಗಿರುವ ವಾಕ್ಯಕ್ಕೆ ಹೊಂದಿಸಿ ತೋರಿಸುವುದು. ತರಗತಿಯಲ್ಲಿ ಅದಕ್ಕೆ ಅಂಕವಿದೆ. ಹೊರಗೆ ಇಲ್ಲ ಎಂಬುದು ನನಗೂ ಗೊತ್ತು, ಆದರೆ ಚಟಕ್ಕೆ ಗೊತ್ತಿಲ್ಲ.

ಮೊನ್ನೆ ಯಾದಗಿರಿಯಿಂದ ಶಹಾಪುರಕ್ಕೆ ಬರುವಾಗ ಬಸ್ಸಿನ ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಕಂಡಕ್ಟರ್ ಮಾತ್ರ ಕೂಗುತ್ತಲೇ ಇದ್ದ. “ಒಳಗ ಮೈದಾನ ಅದರೀ, ಮೈದಾನ! ಜರಾ ಹಿಂದ ಸರೀರಿ!” ನನ್ನ ಪಾದದ ಮೇಲೆ ತನ್ನ ಪಾದವನ್ನೂ ಕಂಕುಳಲ್ಲಿ ಮಗುವನ್ನೂ ಇಟ್ಟುಕೊಂಡಿದ್ದ ಹೆಣ್ಣುಮಗಳು ತಿರುಗಿ, “ಎಲ್ಲಿ ಅದಪ್ಪಾ ನಿನ್ನ ಮೈದಾನ? ಇಲ್ಲಿ ಉಸುರು ಬಿಡಾಕ ಸೈತ ಪಾಳಿ ಹಚ್ಚೀವಿ” ಅಂದಳು. ಆತನದು ರೂಪಕ, ಈಕೆಯದು ಅತಿಶಯೋಕ್ತಿ. ಎರಡನ್ನೂ ಒಟ್ಟಿಗೆ ಕೇಳಿದ ಖುಷಿಯಲ್ಲಿ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ಮರೆತುಹೋಯಿತು. ಮನೆಗೆ ಬಂದು ನೋಡಿದರೆ ಬೆರಳು ಬಾತಿತ್ತು.

ಸಂತೆಯಲ್ಲೂ ಇದೇ ಕಥೆ. “ಬದನಿಕಾಯಿ ಅಲ್ರೀ ಅಕ್ಕೋರ ಇವು, ಬೆಣ್ಣಿ!” ಎನ್ನುತ್ತಾನೆ ಮಾರುವವನು. ಬೇರೆಯವರಾದರೆ ಕಾಯಿಯನ್ನು ಒತ್ತಿ ನೋಡುತ್ತಾರೆ. ನಾನು ವಾಕ್ಯವನ್ನು ಒತ್ತಿ ನೋಡುತ್ತೇನೆ. ಇದು ರೂಪಕವಲ್ಲ, ಅಪಹ್ನುತಿ. ಇರುವುದನ್ನು ಅಲ್ಲವೆಂದು ಹೇಳಿ, ಇಲ್ಲದ್ದನ್ನು ಅದೇ ಎಂದು ಸ್ಥಾಪಿಸುವುದು. ಪಾಠಪುಸ್ತಕದಲ್ಲಿ ಇಲ್ಲದ ಅಲಂಕಾರ ಸಂತೆಯಲ್ಲಿ ಸಿಕ್ಕಿತಲ್ಲ ಎಂದು ಚೀಲ ತುಂಬಿಸಿಕೊಂಡು ಬರುತ್ತೇನೆ. ಹೆಚ್ಚುವಾಗ ಒಳಗೆ ಹುಳ ಹೊರಡುತ್ತದೆ. ನನ್ನ ಯಜಮಾನರು ಅದನ್ನೂ ಏನೂ ಅನ್ನದೆ ಉಣ್ಣುತ್ತಾರೆ. ಅವರ ಮಾತಿನಲ್ಲಿ ಅರ್ಥಾಲಂಕಾರವೂ ಇಲ್ಲ, ಶಬ್ದಾಲಂಕಾರವೂ ಇಲ್ಲ. “ಪಲ್ಯ ಹೆಂಗಾಗ್ಯಾದ್ರಿ?” ಎಂದರೆ “ಆಗ್ಯಾದ” ಎನ್ನುತ್ತಾರೆ. ಇಂಥವರ ಜೊತೆ ಸಂಸಾರ ಮಾಡುವ ಕನ್ನಡ ಟೀಚರ್ ಸಂತೆಗೆ ಹೋಗಿ ಕಿವಿ ತುಂಬಿಸಿಕೊಂಡು ಬಂದರೆ ತಪ್ಪೇನು?

ಈ ಹುಚ್ಚು ಹತ್ತಿದ್ದು ಸುರಪುರದಲ್ಲಿ, ಶಾಲೆಯಲ್ಲಿ. ನಮ್ಮ ಗುರುಗಳು ಕಪ್ಪು ಹಲಗೆಯ ಮೇಲೆ ಎಡಕ್ಕೊಂದು ಮುಖ, ಬಲಕ್ಕೊಂದು ಚಂದ್ರ ಬರೆದು, ಮುಖ ಉಪಮೇಯ, ಚಂದ್ರ ಉಪಮಾನ, ನಡುವಿನ ‘ಅಂತೆ’ ಎಂಬುದು ವಾಚಕ, ಎರಡಕ್ಕೂ ಇರುವ ದುಂಡು ಸಮಾನಧರ್ಮ ಎಂದು ಹೇಳಿದರು. ಅವರು ಬರೆದ ಮುಖಕ್ಕೂ ಚಂದ್ರನಿಗೂ ಯಾವ ವ್ಯತ್ಯಾಸವೂ ಇರಲಿಲ್ಲವಾದ್ದರಿಂದ ಹೋಲಿಕೆ ತಕ್ಷಣ ತಿಳಿಯಿತು. ನನ್ನ ಎಳೆಯ ತಲೆಯಲ್ಲಿ ಮಾತ್ರ ಉಪಮೇಯ ಎಂದರೆ ಹೆಣ್ಣಿನ ಕಡೆಯವರು, ಉಪಮಾನ ಗಂಡಿನ ಕಡೆಯವರು, ‘ಅಂತೆ’ ಎನ್ನುವುದು ನಡುವೆ ಓಡಾಡಿ ಸಂಬಂಧ ಕುದುರಿಸುವ ಹಿರಿಯ ಎಂದು ಕೂತುಬಿಟ್ಟಿತು. ರೂಪಕಕ್ಕೆ ಬಂದಾಗ ಆ ಹಿರಿಯ ಕಾಣಿಸದಿದ್ದದ್ದು ಕಂಡು, ಲಗ್ನ ಮುಗಿಯಿತಲ್ಲ, ಊಟ ಮಾಡಿ ಹೋಗಿರಬೇಕು ಎಂದುಕೊಂಡೆ. ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದವು. ಕಾರಣ ಯಾರೂ ಕೇಳಲಿಲ್ಲ.

ಈಗ ನಾನೇ ಹಲಗೆಯ ಈಚೆ ನಿಂತಿದ್ದೇನೆ. ಮಕ್ಕಳಿಗೆ ಚಂದ್ರ ಮುಖದ ಮೇಲೆ ಆಸಕ್ತಿಯಿಲ್ಲ. ಅದಕ್ಕೇ ಈ ವರ್ಷ, ಪುಸ್ತಕ ಮುಚ್ಚಿರಿ, ನಿಮ್ಮ ನಿಮ್ಮ ಮನೆಯಲ್ಲಿ ಕೇಳಿದ ಒಂದೊಂದು ಮಾತು ನಾಳೆ ತನ್ನಿರಿ ಎಂದೆ. ಮರುದಿನ ವನದುರ್ಗದ ಹುಡುಗನೊಬ್ಬ ಎದ್ದು, “ನಮ್ಮ ಮುತ್ಯಾ ಅಂತಾನ್ರಿ, ನಮ್ಮೂರ ಕೋಟಿ ಗುಡ್ಡ ಮೆಲಕು ಹಾಕ್ಕೋತ ಕುಂತ ಎಮ್ಮಿ ಇದ್ದಂಗ ಅದ ಅಂತ” ಎಂದ. ಕೋಟೆಯ ಗುಡ್ಡ ಉಪಮೇಯ, ಎಮ್ಮೆ ಉಪಮಾನ, ‘ಇದ್ದಂಗ’ ವಾಚಕ, ಕುಳಿತಿರುವುದು ಸಮಾನಧರ್ಮ. ಹುಡುಗ ಹೇಳುತ್ತಾ ಹೋದ ಹಾಗೆ ಇಡೀ ತರಗತಿಯೇ ಸಮನ್ವಯ ಮಾಡಿತು. ಇನ್ನೊಬ್ಬನ ತಾಯಿ ದಿನವೂ ಅವನನ್ನು “ನಿಂದು ಹೊಟ್ಟಿಯೋ ಹಗೇವೋ?” ಎಂದು ಬೈಯುತ್ತಾಳಂತೆ. ನೆಲದೊಳಗೆ ಕಾಳು ತುಂಬಿಡುವ ಹಗೇವನ್ನು ಆ ಹುಡುಗ ಕಂಡಿಲ್ಲ, ಬೈಗುಳ ಮಾತ್ರ ಉಳಿದಿದೆ. ಇದೋ ಅದೋ ಎಂಬ ಅನುಮಾನ ಇರುವುದರಿಂದ ಇದು ಸಂದೇಹಾಲಂಕಾರ ಎಂದು ಹೇಳಿದಾಗ ಅವನಿಗೆ ತಾಯಿಯ ಬಗ್ಗೆ ಹೆಮ್ಮೆಯೆನಿಸಿತು.

ಕೊನೆಗೆ ಎದ್ದವಳು ಸಗರದಿಂದ ಬರುವ ಒಬ್ಬ ಹುಡುಗಿ. ಹಾಜರಿ ಕೂಗುವಾಗ ಬಿಟ್ಟರೆ ಮಾತಾಡದವಳು.

“ಟೀಚರ್ರೀ, ಒಡಪಿಗೆ ಯಾವ ಅಲಂಕಾರ ಅಂತಾರ್ರಿ? ನಮ್ಮಕ್ಕನ ಲಗ್ನದಾಗ ಎಲ್ಲಾರೂ ಹೇಳಾಕತ್ತಿದ್ರು.”

ಉಳಿದವರು ನಕ್ಕರು. ನಾನು, ಗೊತ್ತಿಲ್ಲದಿದ್ದಾಗ ಎಲ್ಲ ಮೇಷ್ಟ್ರುಗಳೂ ಹೇಳುವ ಹಾಗೆ, “ನಾಳೆ ಹೇಳ್ತೀನಿ” ಎಂದೆ. ಮರುದಿನ, ಒಡಪಿಗೆ ಇಂಥದ್ದೇ ಅಲಂಕಾರ ಎಂದಿಲ್ಲ, ಅದು ಹೇಳುವವರ ಮೇಲೆ ಹೋಗುತ್ತದೆ ಎಂದು ಚುಟುಕಾಗಿ ಮುಗಿಸಿದೆ. ತರಗತಿಗೆ ಅಷ್ಟು ಸಾಕು. ನಿಮಗೆ ಮಾತ್ರ ಪೂರ್ತಿ ಹೇಳಬೇಕು, ಯಾಕೆಂದರೆ ಆ ಪ್ರಶ್ನೆ ಕೇಳಿದ ಗಳಿಗೆಯಿಂದ ನನ್ನ ತಲೆಯಲ್ಲಿ ನಮ್ಮ ಸಣ್ಣವ್ವ ಬಂದು ಕುಳಿತಿದ್ದಾಳೆ.

ಒಡಪು ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವ ಹಾಗಿಲ್ಲ. ನಾನು ಚಿಕ್ಕವಳಿದ್ದಾಗ ಸರ್ಕಾರದವರು ಮನೆಗೆ ಬಂದು ಯಜಮಾನರ ಹೆಸರೇನು ಎಂದರೆ ನಮ್ಮವ್ವ ನನ್ನ ಬೆನ್ನಿಗೆ ತಿವಿದು “ನೀ ಹೇಳ” ಎನ್ನುತ್ತಿದ್ದಳು. ಅಪ್ಪನ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳುವ ಅಧಿಕಾರ ನನ್ನದು ಎಂಬ ಜಂಬ ನನಗಿತ್ತು. ಆದರೆ ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ತೊಟ್ಟಿಲು ಕಟ್ಟುವಾಗ ಹೆಂಗಸರೆಲ್ಲ ಸೇರಿ “ಹೆಸರ ಹೇಳು” ಎಂದು ಅಡ್ಡ ಹಾಕುತ್ತಾರೆ. ಆಗ ಹೇಳಲೇಬೇಕು, ಬರಿದೇ ಅಲ್ಲ. ಪ್ರಾಸ ಕೂಡಿದ ಎರಡು ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಬೇಕು. ಅದು ಒಡಪು. ಹೇಳದಿದ್ದರೆ ಹೊಸ್ತಿಲು ದಾಟಗೊಡುವುದಿಲ್ಲ.

ನನ್ನ ಮದುವೆಯಲ್ಲಿ ನಾನು ಕನ್ನಡ ಎಂ.ಎ. ಓದಿದ ಹೆಣ್ಣು ಎಂಬ ಹೆಸರು ಆಗಲೇ ಹರಡಿತ್ತು. ಆ ಹೆಸರಿಗೆ ತಕ್ಕ ಹಾಗೆ ಇರಲಿ ಎಂದು ಹಳಗನ್ನಡದ ಧಾಟಿಯಲ್ಲಿ, ಆದಿಪ್ರಾಸ ಬಿಡದೆ, ಒಂದು ಪದ್ಯ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ. ಹೊಸ್ತಿಲಲ್ಲಿ ನಿಂತು ಹೇಳಿದೆ. ಯಾರೂ ನಗಲಿಲ್ಲ, ಯಾರೂ ಸರಿಯಲೂ ಇಲ್ಲ. ಒಬ್ಬ ಮುದುಕಿ, “ಏ, ಈಕಿ ಮಂತ್ರ ಹೇಳ್ಯಾಳ, ಹೆಸರ ಹೇಳಿಲ್ಲ. ಒಳಗ ಬಿಡಬ್ಯಾಡ್ರಿ!” ಎಂದು ತೀರ್ಪು ಕೊಟ್ಟಳು. ನನ್ನ ಗಂಡ ಸಂಗಪ್ಪನವರ ಹೆಸರು ಪದ್ಯದಲ್ಲಿ ಇತ್ತು, ಆದರೆ ಸಂಧಿಯಾಗಿ ಮುಂದಿನ ಪದದೊಳಗೆ ಸೇರಿಹೋಗಿತ್ತು. ಆಗ ಹಿಂದಿನಿಂದ ನನ್ನ ಕಿವಿಗೆ ಬಾಯಿ ಹಚ್ಚಿ ಒಬ್ಬರು ಊದಿದ್ದನ್ನು ನಾನು ಹಾಗೇ ಒಪ್ಪಿಸಿದೆ:

ತಾಟಿನಾಗ ಹೋಳಿಗಿ, ಬಟ್ಟಲದಾಗ ತುಪ್ಪ,
ಸಂಗಪ್ಪನವರ ಹೆಸರ ಹೇಳಿದ್ರ ಏನು ತಪ್ಪ?

ಹೋ ಎಂದು ಎಲ್ಲರೂ ದಾರಿ ಬಿಟ್ಟರು. ಊದಿದವಳು ಸಣ್ಣವ್ವ. ನಮ್ಮವ್ವನ ತಂಗಿ, ರಂಗಂಪೇಟೆಯ ಮಗಳು, ಸಗರದ ಸೊಸೆ. ಹೆಸರು ಶರಣಮ್ಮ. ಒಡಪು ಕಟ್ಟುವುದರಲ್ಲಿ ನಮ್ಮ ಬಳಗದಲ್ಲಿ ಆಕೆಗೆ ಎದುರಿರಲಿಲ್ಲ. ಎಲ್ಲಿ ಹೆಂಗಸರು ಕೂಡಿದರೂ “ಶರಣಮ್ಮನ್ನ ಕರೀರಿ, ಆಕಿ ಇಲ್ಲದ ಒಡಪು ಬ್ಯಾಡ” ಎನ್ನುತ್ತಿದ್ದರು. ಆಕೆಯ ಮದುವೆಯ ದಿನ ಸಗರದ ಮನೆಯ ಬಾಗಿಲಲ್ಲಿ ಆಕೆಯ ಸೆರಗು ಹಿಡಿದು ನಾನೂ ನಿಂತಿದ್ದೆ. ಎಲ್ಲ ಮದುಮಕ್ಕಳೂ ತಲೆ ತಗ್ಗಿಸಿ ಗೊಣಗುವ ಕಾಲ ಅದು. ಆಕೆ ತಲೆಯೆತ್ತಿ, ಪಕ್ಕದಲ್ಲಿದ್ದ ಭೀಮರಾಯ ಕಾಕಾನ ಮುಖ ನೋಡುತ್ತ ಹೇಳಿದಳು:

ಸಗರದ ಬಿಳಿಜ್ವಾಳ, ರಂಗಂಪೇಟಿ ಬೆಲ್ಲ,
ಭೀಮರಾಯರ ಹೊರತು ನನಗ ಬ್ಯಾರೆ ಬೆಳಕಿಲ್ಲ.

ಕಾಕಾ ಮೀಸೆಯೊಳಗೇ ನಕ್ಕ. ಎತ್ತರದ ಆಳು, ನೋಡಲು ಛಂದ ಇದ್ದ. ಆತ ನಕ್ಕದ್ದು ನೋಡಿ ನನಗೂ ಇಂಥದೇ ಲಗ್ನವಾಗಬೇಕು ಎನಿಸಿತ್ತು.

ಮಗಳು ರೇಣುಕಾ ಅಂಬೆಗಾಲಿಡುತ್ತಿದ್ದಾಗ ಕಾಕಾ ರಸ್ತೆ ಕೆಲಸದ ಆಳುಗಳ ಮೇಲಿನ ಮುಕಾದಮನಾಗಿ ಪುಣೆಯ ಕಡೆ ಹೋದ. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದ. ಆಮೇಲೆ ಹಬ್ಬಕ್ಕೆ ಸುದ್ದಿ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಅಲ್ಲೇ ಯಾರನ್ನೋ ಕಟ್ಟಿಕೊಂಡಿದ್ದಾನೆ ಎಂದು ಕೆಲವರು, ಛೇ ಇಲ್ಲ, ದುಡಿಯುತ್ತಿದ್ದಾನೆ ಎಂದು ಕೆಲವರು. ಅತ್ತೆ ಮಾವ ಮೊದಲೇ ತೀರಿಕೊಂಡಿದ್ದರು. ಸಣ್ಣವ್ವ ತವರಿಗೆ ಬಂದು ಕೂಡಲಿಲ್ಲ. ಗಂಡನ ಪಾಲಿನ ಹೊಲವನ್ನು ತಾನೇ ಹರಗಿ, ತೊಗರಿ ಹತ್ತಿ ಬೆಳೆದು, ರೇಣುಕಾಳನ್ನು ಶಾಲೆಗೆ ಕಳಿಸಿದಳು. ಅತ್ತದ್ದನ್ನು ನಾನು ನೋಡಿಲ್ಲ. ಅತ್ತಿರಲಿಕ್ಕಿಲ್ಲ ಎಂದು ಹೇಳುತ್ತಿಲ್ಲ, ನಾನು ನೋಡಿಲ್ಲ ಅಷ್ಟೇ.

ವಿಚಿತ್ರವೆಂದರೆ ಒಡಪು ನಿಲ್ಲಲಿಲ್ಲ. ಕಾಕಾ ಬಾರದೆ ಹೋದ ಮೇಲೆ ಯಾವುದೇ ಸಮಾರಂಭದಲ್ಲಿ ಆಕೆಯ ಸರದಿ ಬಂದಾಗ ಹೆಂಗಸರು ಕೇಳಲು ಹಿಂದೆ ಮುಂದೆ ನೋಡುತ್ತಿದ್ದರು. ಆಕೆಯೇ ಎದ್ದು ನಿಂತು, ಯಾರೂ ಕೇಳುವ ಮೊದಲೇ ಹೇಳಿಬಿಡುತ್ತಿದ್ದಳು:

ಹಾದಿಗೆ ಹಚ್ಚಿಟ್ಟೀನಿ ಹಣತಿ ದೀಪಾ,
ಭೀಮರಾಯರ ಮ್ಯಾಲ ನನಗ್ಯಾಕ ಕ್ವಾಪಾ?

“ಛಂದ ಹೇಳಿದಿ ಶರಣಮ್ಮ” ಎಂದು ಯಾರೋ ಒಬ್ಬರು ಬೇಗನೆ ಅನ್ನುತ್ತಿದ್ದರು. ಉಳಿದವರು ತಮ್ಮ ಬಳೆ ನೋಡಿಕೊಳ್ಳುತ್ತಿದ್ದರು. ಮುಂದಿನವರ ಸರದಿ ಶುರುವಾಗುತ್ತಿತ್ತು. ಹೀಗೆ ವರ್ಷಗಟ್ಟಲೆ ನಡೆಯಿತು. ಕಾಕಾ ಊರಿಗೆ ದೂರವಾದಷ್ಟೂ ಆಕೆಯ ಒಡಪಿನಲ್ಲಿ ಆತನ ಬಣ್ಣ ಏರುತ್ತ ಹೋಯಿತು. ಒಂದು ಕಡೆ ಆತ ಬಂಗಾರದ ಕಳಸವಾದ, ಇನ್ನೊಂದು ಕಡೆ ಹುಣ್ಣಿಮೆಯಾದ. ಯಾವ ಮನೆಯ ಗಂಡನಿಗೂ, ಮನೆಯಲ್ಲೇ ಇದ್ದು ಉಂಡು ಮಲಗುವವನಿಗೂ, ಇಷ್ಟು ಒಳ್ಳೆಯ ಒಡಪು ಸಿಕ್ಕಿರಲಿಲ್ಲ.

ಚಿಕ್ಕವಳಿದ್ದಾಗ ನಾನು ಇದನ್ನು ಪ್ರೀತಿ ಎಂದುಕೊಂಡಿದ್ದೆ. ಅಲಂಕಾರ ಓದಿದ ಮೇಲೆ ಅತಿಶಯೋಕ್ತಿ ಎಂದುಕೊಂಡೆ. ಬಿ.ಎ. ಓದುವಾಗ ಲುಪ್ತೋಪಮೆ ಎಂಬುದೊಂದು ಸಿಕ್ಕಿತು. ಉಪಮೆಗೆ ನಾಲ್ಕು ಅಂಗ ಎಂದೆನಲ್ಲ, ಅದರಲ್ಲಿ ಯಾವುದಾದರೂ ಬಿಟ್ಟುಹೋದರೂ ಅದು ಉಪಮೆಯೇ. ಇಲ್ಲದ ಅಂಗವನ್ನು ಕೇಳುವವರು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. ಆ ಪಾಠ ಕೇಳುತ್ತಿದ್ದಾಗ ನನಗೆ ಮುಖ, ಚಂದ್ರ ಯಾವುದೂ ಕಾಣಿಸಲಿಲ್ಲ, ಸಣ್ಣವ್ವನ ಸಂಸಾರ ಕಾಣಿಸಿತು. ಕುಂಕುಮ ಇತ್ತು, ತಾಳಿ ಇತ್ತು, ಹೆಸರು ಇತ್ತು. ಒಂದು ಅಂಗ ಲೋಪವಾಗಿತ್ತು. ಕೂತ ಹೆಂಗಸರೆಲ್ಲ ಅದನ್ನು ತುಂಬಿಕೊಳ್ಳುತ್ತಿದ್ದರು. ಪದ ಸಿಕ್ಕಿದ್ದಕ್ಕೆ ಸಂತೋಷವಾಯಿತು. ಹಾಗೆ ಸಂತೋಷವಾದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ನಾನು ಶಹಾಪುರಕ್ಕೆ ನೌಕರಿಗೆ ಬಂದ ಮೇಲೆ ಸಗರ ಹತ್ತಿರವಾಯಿತು. ಒಂದು ರಜೆಯ ದಿನ ಆಕೆಯ ಹೊಲಕ್ಕೆ ಹೋಗಿದ್ದೆ. ಸೆರಗನ್ನು ಸೊಂಟಕ್ಕೆ ಚೀಲದ ಹಾಗೆ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದಳು. ನಾನೂ ಒಂದು ಸಾಲು ಹಿಡಿದೆ. ಹತ್ತಿಕಾಯಿಯ ಮುಳ್ಳಂಚು ಬೆರಳಿಗೆ ತಾಗಿ ಗೀರುತ್ತದೆ ಎಂಬುದು ಓದಿದವರಿಗೆ ಆಮೇಲೆ ತಿಳಿಯುತ್ತದೆ. ಬೆರಳು ಬಾಯಲ್ಲಿಟ್ಟುಕೊಂಡೇ ಕೇಳಿದೆ.

“ಸಣ್ಣವ್ವ, ಇನ್ನಾ ಯಾಕ ಕಾಕಾನ ಹೆಸರ ಹೇಳ್ತಿ?”

“ಹೇಳಲಿಲ್ಲಂದ್ರ?”

“ಹೇಳಲಿಲ್ಲಂದ್ರ ಏನಾಗ್ತದ? ಆತ ಬಂದಾನೇನು, ಕೇಳ್ಯಾನೇನು?”

ಆಕೆ ಕೈ ನಿಲ್ಲಿಸಲಿಲ್ಲ. “ಆತ ಕೇಳಲಿ ಅಂತ ಹೇಳಾಕತ್ತಿಲ್ಲ ನಾ. ಹೆಸರ ಬಿಟ್ರ ಆರತಿ ತಾಟು ಕೈಯಾಗಿಂದ ಇಸಗೋತಾರ. ತಾಟು ಹೋತಂದ್ರ ಬಾಗಲದಾಗ ನಿಂದ್ರಸ್ತಾರ. ನಾ ಬಾಗಲದಾಗ ನಿಂತ್ರ ರೇಣುಕಾ ಎಲ್ಲಿ ನಿಂದರಬೇಕು, ಹೇಳ ಸಾವಿತ್ರಿ?”

ನಾನು ಬಾಯಲ್ಲಿದ್ದ ಬೆರಳನ್ನು ತೆಗೆದು ಸೆರಗಿಗೆ ಒರೆಸಿಕೊಂಡೆ.

“ಹೆಸರ ಆತಂದು,” ಎಂದಳು, “ಒಡಪು ನಂದು. ನೀ ಹತ್ತಿ ಬಿಡಸು, ಸುಮ್ಮ ನಿಂತ್ರ ಸಾಲು ಮುಗ್ಯಂಗಿಲ್ಲ.”

ರೇಣುಕಾ ಓದಿ ನರ್ಸ್ ಆದಳು. ಶಹಾಪುರದ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ವನದುರ್ಗದ ಒಂದು ಒಕ್ಕಲು ಮನೆತನದಿಂದ ಕೇಳಿಕೊಂಡು ಬಂದರು. ಹುಡುಗ ಪ್ರಾಥಮಿಕ ಶಾಲೆಯ ಮಾಸ್ತರ. ಲಗ್ನದಲ್ಲಿ ನಮ್ಮಪ್ಪ ಅವ್ವ ಧಾರೆ ಎರೆದರು. ಹುಡುಗಿಯ ತಂದೆ ದೂರದ ಕೆಲಸದಲ್ಲಿದ್ದಾರೆ, ರಜೆ ಸಿಗಲಿಲ್ಲ ಎಂದು ಎಲ್ಲರೂ ಹೇಳಿದರು, ಎಲ್ಲರೂ ಕೇಳಿಸಿಕೊಂಡರು. ರಜೆಯಿಲ್ಲದ ಇಷ್ಟು ದೊಡ್ಡ ಕೆಲಸ ಯಾವುದು ಎಂದು ಯಾರೂ ವಿಚಾರಿಸಲಿಲ್ಲ. ಸಣ್ಣವ್ವ ಅಂದು ಒಳ್ಳೆಯ ಒಡಪೊಂದನ್ನು ಹೇಳಿ ಬೀಗರನ್ನೆಲ್ಲ ನಗಿಸಿದಳು.

ಹೋದ ವರ್ಷ ರೇಣುಕಾಳ ಕುಬಸ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಕುಬಸ, ಬಳೆ, ಬುತ್ತಿ ತಂದು, ಮಣೆಯ ಮೇಲೆ ಕೂರಿಸಿ, ಹಡೆದ ತಾಯಿ ಮಗಳ ಉಡಿ ತುಂಬುವ ದಿನ. ನಾವು ಟಂಟಂ ಗಾಡಿಯಲ್ಲಿ ಶೇಂಗಾ ಹೋಳಿಗೆ, ಕರ್ಚಿಕಾಯಿ, ಸಜ್ಜೆರೊಟ್ಟಿಗಳ ಡಬ್ಬಿಗಳ ನಡುವೆ ಕುಳಿತು ವನದುರ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ಸಣ್ಣವ್ವ ಉಡಿಯ ಸಾಮಾನಿನ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಅಕ್ಕಿ, ಉತ್ತತ್ತಿ, ಕೊಬ್ಬರಿ, ಅರಿಶಿನ ಕೊಂಬು, ಎಲ್ಲ ತಾನೇ ಆರಿಸಿ ತಂದದ್ದು. ಆಕೆ ಇಷ್ಟು ಸಂತೋಷವಾಗಿದ್ದನ್ನು ನಾನು ಬಹಳ ವರ್ಷ ಕಂಡಿರಲಿಲ್ಲ.

ರೇಣುಕಾಳ ಅತ್ತೆ ಗೌರಮ್ಮ ಮೆತ್ತನೆಯ ಹೆಂಗಸು. ಆ ಮನೆಯಲ್ಲಿ ಮಾತು ನಡೆಯುವುದು ಗೌರಮ್ಮನ ಅಕ್ಕ ನಾಗಮ್ಮನದು. ಕೆಟ್ಟವಳೆಂದು ಹೇಳಲಾರೆ. ತಂಗಿಗೆ ಮೊದಲ ಕೂಸುಗಳು ಉಳಿಯದೆ ಹೋದಾಗ ಹಗಲು ರಾತ್ರಿ ಕಾದವಳು ಆಕೆಯೇ ಅಂತೆ. ಅಂದಿನಿಂದ ಬಸುರಿಯ ವಿಷಯದಲ್ಲಿ ಆಕೆಗೆ ಎಲ್ಲದರಲ್ಲೂ ಹೆದರಿಕೆ, ಯಾರ ನೆರಳು, ಯಾರ ಕೈ, ಯಾರ ಕಣ್ಣು ಎಂದು. ನಾನು ಹಿಂದಿನ ಕೋಣೆಯಲ್ಲಿ ಎಲೆ ಒರೆಸುತ್ತ ಕುಳಿತಿದ್ದಾಗ ಗೋಡೆಯ ಆಚೆ ಅಕ್ಕ ತಂಗಿ ಮಾತಾಡುವುದು ಕೇಳಿಸಿತು.

“ನನ್ನ ಮಗ ಸೋಲಾಪುರದಾಗ ಕಣ್ಣಾರೆ ನೋಡಿ ಬಂದಾನ. ಆ ಭೀಮರಾಯಗ ಅಲ್ಲಿ ಸಂಸಾರ ಅದ, ಮಕ್ಕಳದಾವ. ಇಲ್ಲಿ ಈಕಿ ಯಾರ ಹೆಸರ ಹೇಳ್ಕೋತ ತಿರಗಾಕತ್ಯಾಳ? ಗಂಡ ಬಿಟ್ಟಾಕಿ ಕೈಲೆ ಚೊಚ್ಚಲ ಬಸುರಿ ಉಡಿ ತುಂಬಸ್ತೀಯೇನ ಗೌರಿ?”

“ಈಗ ಹೆಂಗ ಬ್ಯಾಡ ಅನ್ನೂದು ಅಕ್ಕಾ? ಹಡದಾಕಿ ಅದಾಳ.”

“ನೀ ಅನಬ್ಯಾಡ. ನಾ ನೋಡ್ಕೋತೀನಿ.”

ನಾನು ತಿರುಗಿ ನೋಡಿದೆ. ಸಣ್ಣವ್ವ ನನ್ನ ಪಕ್ಕದಲ್ಲೇ ಕುಳಿತು ತಾಟಿನಲ್ಲಿ ಉತ್ತತ್ತಿ ಜೋಡಿಸುತ್ತಿದ್ದಳು. ಆಕೆಯ ಕಿವಿ ಚುರುಕು. ಒಂದು ಉತ್ತತ್ತಿಯನ್ನು ತೆಗೆದು, ಮತ್ತೆ ಅಲ್ಲಿಯೇ ಇಟ್ಟಳು. ನನಗೆ ಸಿಟ್ಟು ಬಂತು. ಎದ್ದು ಹೋಗಿ ಏನಾದರೂ ಅನ್ನಬೇಕೆನಿಸಿತು. ಆಕೆ ನನ್ನ ಮೊಳಕೈ ಮುಟ್ಟಿ “ಎಲಿ ಒರಸು” ಎಂದಳು.

ಪಡಸಾಲೆ ತುಂಬಿತ್ತು. ಗಂಡಸರೆಲ್ಲ ಹೊರಗೆ ಬೇವಿನ ಕೆಳಗೆ ಚಹಾ ಕುಡಿಯುತ್ತಿದ್ದರು. ಹಸಿರು ಸೀರೆಯಲ್ಲಿ ರೇಣುಕಾ ಮಣೆಯ ಮೇಲೆ ಕುಳಿತಿದ್ದಳು, ಎದುರಿಗೆ ತಾಟು ಹಿಡಿದು ಸಣ್ಣವ್ವ. ಆರತಿ ಹಾಡು ಮುಗಿಯಿತು. ಇನ್ನು ಉಡಿ ತುಂಬಬೇಕು ಎನ್ನುವಾಗ ನಾಗಮ್ಮ ಮುಂದೆ ಬಂದು, ನಗುನಗುತ್ತಲೇ, “ನಿಂದರ್ರಿ ಬೀಗತಿಯರ. ಒಡಪು ಹೇಳದ ಉಡಿ ತುಂಬೂದು ಎಲ್ಲಿ ಅದರೀ? ಹೆಸರ ಹೇಳ್ರಿ, ಕೇಳೂಣು” ಅಂದಳು.

ಹೆಂಗಸರು ಉತ್ಸಾಹದಿಂದ ಹತ್ತಿರ ಸರಿದರು. ನಾಗಮ್ಮ ದನಿ ತಗ್ಗಿಸಿದಳು, ಆದರೆ ಎಲ್ಲರಿಗೂ ಕೇಳುವಷ್ಟೇ ತಗ್ಗಿಸಿದಳು. “ಹೆಸರ ನಿಮ್ಮದ ಅದ ಅನ್ನೂದಿದ್ರ ಹೇಳ್ರಿ. ಸೋಲಾಪುರದಾಗ ಬ್ಯಾರೆ ಯಾರದೋ ಆಗ್ಯಾದ ಅನ್ನೂದಿದ್ರ ತ್ರಾಸ ತಗೋಬ್ಯಾಡ್ರಿ, ನಿಮ್ಮಕ್ಕನ ಮಗಳು ಟೀಚರ ಅದಾರಲ್ಲ, ಅವರು ತುಂಬ್ತಾರ. ಅವರ ಗಂಡ ಬೇವಿನಗಿಡದ ಬುಡಕ ಕುಂತಾನ, ನಾವೆಲ್ಲಾ ನೋಡೀವಿ.”

ಬೀಗರ ಮನೆ, ಬಸುರಿ ಮಗಳು, ಇಷ್ಟು ಜನ. ಸಣ್ಣವ್ವ ಇಷ್ಟು ವರ್ಷ ಕಟ್ಟಿಕೊಂಡು ಬಂದದ್ದನ್ನು ಈಗ ಒಂದೇ ಮಾತಿಗೆ ಕೈಯಿಂದ ಕಸಿದುಕೊಳ್ಳುತ್ತಾರೆ ಎಂದು ನನಗೆ ಗೊತ್ತಾಯಿತು. ಹೆಸರು ಹೇಳಿದರೆ ಎಲ್ಲರ ಮುಂದೆ ಸುಳ್ಳಾಡಿದ ಹಾಗೆ. ಹೇಳದಿದ್ದರೆ ತನ್ನ ಮಗಳ ಉಡಿಯನ್ನು ತಾನು ತುಂಬುವ ಹಾಗಿಲ್ಲ. ಹೇಳಿಬಿಡಲಿ, ಆಮೇಲಿನದು ಆಮೇಲೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ನನ್ನ ಚಟ ಇಂಥ ಹೊತ್ತಿನಲ್ಲೂ ಬಿಡಲಿಲ್ಲ. ಭೀಮರಾಯನಿಗೆ ಪ್ರಾಸ ಏನು ಕೂಡೀತು, ಉಪಾಯ, ನ್ಯಾಯ, ಗಾಯ, ಎಂದು ತಲೆ ತನ್ನಷ್ಟಕ್ಕೆ ಹುಡುಕುತ್ತಿತ್ತು.

ಸಣ್ಣವ್ವ ತಾಟನ್ನು ಎಡಗೈಗೆ ಬದಲಿಸಿದಳು. ನಾಗಮ್ಮನ ಕಡೆಗಲ್ಲ, ಮಗಳ ಕಡೆ ನೋಡಿ ಹೇಳಿದಳು:

ಹೊಲಾ ಹರಗಿದಾಕಿ, ಹತ್ತಿ ಬಿಡಿಸಿದಾಕಿ,
ಮಗಳನ್ನ ಓದಿಸಿದಾಕಿ ಶರಣಮ್ಮ ಅಂದ್ರ ಈಕಿ.

ಯಾರೂ ‘ಛಂದ ಹೇಳಿದಿ’ ಎನ್ನಲಿಲ್ಲ. ನಾಗಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ.

“ಇದ್ಯಾವ ಒಡಪು? ಹೆಸರ ಎಲ್ಲಿ ಅದ?”

“ಅದರಾಗ ಅದಲ್ಲರೀ. ಶರಣಮ್ಮ.”

“ಅದು ನಿಮ್ಮ ಹೆಸರು.”

“ಹೌದ್ರಿ. ಇಷ್ಟ ದಿನ ಅವರದ ಹೇಳೀನಿ. ಅವರು ಇದ್ದಲ್ಲಿ ಆರಾಮ ಇರಲಿ. ಇವತ್ತ ಉಡಿ ತುಂಬಾಕ ಬಂದಾಕಿ ನಾನು, ನನ್ನ ಹೆಸರ ಹೇಳೀನಿ.”

ಅಭ್ಯಾಸಬಲದಿಂದ ನಾನು ಸಮನ್ವಯಕ್ಕೆ ಇಳಿದೆ. ಉಪಮಾನವಿಲ್ಲ. ಕಳಸವಿಲ್ಲ, ಹುಣ್ಣಿಮೆಯಿಲ್ಲ, ದೀಪವಿಲ್ಲ. ಹೆಚ್ಚು ಮಾಡಿ ಹೇಳಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಅದಕ್ಕೊಂದು ಹೆಸರಿದೆ, ಸ್ವಭಾವೋಕ್ತಿ. ಅಲಂಕಾರವೆಂದರೆ ಏನನ್ನಾದರೂ ತೊಡಿಸಬೇಕು, ಇದರಲ್ಲಿ ಏನೂ ತೊಡಿಸಿಲ್ಲವಲ್ಲ, ಇದನ್ನು ಅಲಂಕಾರವೆಂದು ಹೇಗೆ ಒಪ್ಪುವುದು ಎಂದು ಹಳೆಯ ಪಂಡಿತರಲ್ಲೇ ಜಗಳವಿತ್ತು. ಆ ಪಡಸಾಲೆಯಲ್ಲೂ ಅದೇ ಜಗಳ ನಡೆಯುವ ಲಕ್ಷಣ ಕಾಣಿಸಿತು. ಹೆಸರು ನನಗೆ ಹೊಳೆದದ್ದರಿಂದ ಅಲ್ಲಿ ಯಾರಿಗೂ ಯಾವ ಉಪಯೋಗವೂ ಆಗಲಿಲ್ಲ.

“ಟೀಚರ, ನೀವ ಬರ್ರಿ,” ಎಂದಳು ನಾಗಮ್ಮ. “ತಾಟ ಇಸಗೋರಿ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಏಳಲಿಲ್ಲ. ಅದನ್ನು ಧೈರ್ಯವೆಂದು ಬರೆದುಕೊಳ್ಳಬೇಡಿ, ಏಳಬೇಕೋ ಕೂಡಬೇಕೋ ಎಂದು ನಾನು ತೀರ್ಮಾನಿಸುವ ಮೊದಲೇ ಮಣೆಯ ಮೇಲಿದ್ದ ರೇಣುಕಾ ತನ್ನ ಹಸಿರು ಸೆರಗನ್ನು ಎರಡೂ ಕೈಯಿಂದ ಅಗಲ ಮಾಡಿ ತಾಯಿಯ ಮುಂದೆ ಒಡ್ಡಿದ್ದಳು.

“ತುಂಬವ್ವಾ,” ಎಂದಳು. “ನನಗ ಭಾಳ ಹೊತ್ತು ಹಿಂಗ ಹಿಡಕೊಂಡು ಕುಂದ್ರಾಕ ಆಗಂಗಿಲ್ಲ.”

ಸಣ್ಣವ್ವ ತಾಟನ್ನು ಕೆಳಗಿಟ್ಟು, ಮಗಳ ಮುಖ ನೋಡುತ್ತಲೇ ಎರಡೂ ಕೈಯಿಂದ ಅಕ್ಕಿ ಎತ್ತಿ ಸುರಿದಳು. ಬೊಗಸೆಯ ಅಕ್ಕಿ ಅರ್ಧ ಸೆರಗಿಗೆ, ಅರ್ಧ ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದದ್ದನ್ನು ನೋಡಿ ಯಾರೋ ಅಯ್ಯೋ ಎಂದರು. ಗೌರಮ್ಮ ಅಷ್ಟು ಹೊತ್ತು ಗೋಡೆಗೆ ಆತು ನಿಂತಿದ್ದವಳು ಮುಂದೆ ಬಂದು, ಮಣೆಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಚೆಲ್ಲಿದ ಕಾಳುಗಳನ್ನು ಬೆರಳಿಂದ ಕೂಡಿಸತೊಡಗಿದಳು. ಕೂಡಿಸಿದ್ದನ್ನು ಸೊಸೆಯ ಉಡಿಗೆ ಹಾಕಿದಳು. ಇನ್ನೂ ಒಂದಿಷ್ಟು ನಾಗಮ್ಮನ ಪಾದದ ಬಳಿ ಉಳಿದಿದ್ದವು.

“ಅಕ್ಕಾ,” ಎಂದಳು ಗೌರಮ್ಮ, ತಲೆ ಎತ್ತದೆ, “ಜರಾ ಕಾಲ ತಗಿ.”